24ರಿಂದ 12 ವೋಲ್ಟಿಗೆ ಬಕ್ ಕನ್ವರ್ಟರ್: ಕರೆಂಟ್ ಎಲ್ಲಿ ಅಳೆಯಬೇಕು, ಸ್ಲೋಪ್ ಎಷ್ಟು ಕೊಡಬೇಕು

ಸಿಂಧನೂರು ಕಡೆಯ ಪಂಪ್‌ಹೌಸಿನಲ್ಲಿ, ಗಂಗಾವತಿಯ ರೈಸ್‌ಮಿಲ್ಲಿನ ಗೋಡೆಯ ಮೇಲೆ, ಸಂಡೂರು ದಾರಿಯ ತೂಕದ ಕಟ್ಟೆಯ ಕ್ಯಾಬಿನ್ನಿನಲ್ಲಿ ಈಗ ಕಾಣುವ ಜೋಡಣೆ ಹೆಚ್ಚುಕಡಿಮೆ ಒಂದೇ. ಸರಣಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿ, ಮೇಲೆ ಸೋಲಾರ್ ಪ್ಯಾನೆಲ್, ತಗಡಿನ ಡಬ್ಬಿಯೊಳಗೆ ಹೆಚ್ಚು ವೋಲ್ಟನ್ನು ಕಡಿಮೆಗೆ ಇಳಿಸುವ ಒಂದು ಬಕ್ ಕನ್ವರ್ಟರ್. ಅದರ 12 ವೋಲ್ಟಿನಲ್ಲಿ ಕ್ಯಾಮೆರಾ, ಡಿವಿಆರ್, ರೂಟರ್, ಡಿಸಿ ಫ್ಯಾನು. 24 ಕೊಟ್ಟು 12 ತೆಗೆಯುವುದು ನೋಡಲು ಬಲು ಸರಳ. ಆದರೆ ಕರೆಂಟ್ ಮೋಡ್ (ಪ್ರತಿ ಸುತ್ತಿನ ಕರೆಂಟ್ ನೋಡಿ ಸ್ವಿಚ್ ಆಫ್ ಮಾಡುವ) ಕನ್ವರ್ಟರಿಗೆ ಇದಕ್ಕಿಂತ ತಂಟೆಯ ಜೋಡಿ ಇಲ್ಲ. 24 ವೋಲ್ಟಿಗೆ ಡ್ಯೂಟಿ, ಅಂದರೆ ಪ್ರತಿ ಸುತ್ತಿನಲ್ಲಿ ಸ್ವಿಚ್ ಆನ್ ಇರುವ ಪಾಲು, ಸರಿಯಾಗಿ ಅರ್ಧ. ಬ್ಯಾಟರಿ ತುಂಬಿದ್ದಾಗ ಅರ್ಧಕ್ಕಿಂತ ಕೆಳಗೆ, ಇಳಿದಾಗ ಅರ್ಧಕ್ಕಿಂತ ಮೇಲೆ. ಅಂದರೆ ಪ್ರತಿ ರಾತ್ರಿ ಒಮ್ಮೆ ಆ ಗೆರೆ ದಾಟಲೇಬೇಕು, ದಾಟಿದರೆ ಪಲ್ಸುಗಳು ತೂಗಾಡತೊಡಗುತ್ತವೆ.

ಇಲ್ಲಿ ಎರಡು ಆಯ್ಕೆ ಮಾಡಬೇಕು: ಕರೆಂಟನ್ನು ಯಾವ ವಿಧಾನದಲ್ಲಿ ಅಳೆಯುವುದು, ಆ ತೂಗಾಟ ತಡೆಯಲು ಅಳೆದ ಕರೆಂಟಿಗೆ ಸೇರಿಸುವ ಏರು ಸಂಕೇತ, ಅಂದರೆ ಸ್ಲೋಪ್ ಕಾಂಪೆನ್ಸೇಶನ್, ಯಾವ ಬಗೆಯದು, ಎಷ್ಟು. ಮೊದಲನೆಯದನ್ನು ನಮ್ಮ ಕಡೆಯ ಬಿಸಿಲು ಮತ್ತು ಧೂಳು ನಿರ್ಧರಿಸುತ್ತವೆ, ಎರಡನೆಯದನ್ನು ಬ್ಯಾಟರಿಯ ಅತಿ ಕಡಿಮೆ ವೋಲ್ಟೇಜು. ಡೇಟಾಶೀಟಿನ ಮಾದರಿ ಸರ್ಕ್ಯೂಟು 25 ಡಿಗ್ರಿಯ ಕೋಣೆಯಲ್ಲಿ ಕೂತಿರುತ್ತದೆ. ರಾಯಚೂರಿನ ಏಪ್ರಿಲ್–ಮೇ ಬಿಸಿಲು 42 ಡಿಗ್ರಿ ಮುಟ್ಟಿದ ದಿನ, ಬಿಸಿಲಿಗೆ ಬಿದ್ದ ತಗಡಿನ ಡಬ್ಬಿಯೊಳಗೆ 60ರಿಂದ 65 ಡಿಗ್ರಿ ಹಿಡಿದುಕೊಂಡೇ ಲೆಕ್ಕ ಹಾಕಬೇಕು.

ಲೋಡು 2 ಆಂಪಿಯರಿಗಿಂತ ಕಡಿಮೆ ಇದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ. ಎಲ್ಲ ಅಂಗಡಿಯಲ್ಲೂ ಸಿಗುವ ಎಲ್‌ಎಂ 2596 ಮಾಡ್ಯೂಲ್ ಸಾಕು. ಅದು 150 ಕಿಲೊಹರ್ಟ್ಸಿನ ವೋಲ್ಟೇಜ್ ಮೋಡ್ (ಕರೆಂಟಲ್ಲ, ಔಟ್‌ಪುಟ್ ವೋಲ್ಟೇಜ್ ನೋಡಿ ನಡೆಯುವ) ಚಿಪ್ಪು. ಸ್ಲೋಪಿನ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. 3 ಆಂಪಿಯರ್ ಎಂದು ಬರೆದಿದ್ದರೂ ನಮ್ಮ ಬಿಸಿಲಿಗೆ 2ರ ಮೇಲೆ ಹೋಗಬೇಡಿ, ಅಷ್ಟೆ.

ಲೆಕ್ಕಕ್ಕೆ ಹಿಡಿದ ಕನ್ವರ್ಟರು

ಇನ್‌ಪುಟ್ 21ರಿಂದ 29 ವೋಲ್ಟ್ (21ಕ್ಕೆ ಕಟ್‌ಆಫ್), ಔಟ್‌ಪುಟ್ 12 ವೋಲ್ಟ್ 5 ಆಂಪಿಯರ್, 200 ಕಿಲೊಹರ್ಟ್ಸ್, ಅಂದರೆ ಒಂದು ಸುತ್ತಿಗೆ 5 ಮೈಕ್ರೊಸೆಕೆಂಡ್. ಇಂಡಕ್ಟರ್ 22 ಮೈಕ್ರೊಹೆನ್ರಿ. 29 ವೋಲ್ಟಿನಲ್ಲಿ ರಿಪ್ಪಲ್ (ಇಂಡಕ್ಟರ್ ಕರೆಂಟಿನ ಏರಿಳಿತ) 1.6 ಆಂಪಿಯರ್, ಆದ್ದರಿಂದ ತುದಿ ಕರೆಂಟ್ 5.8. 21 ವೋಲ್ಟಿನಲ್ಲಿ ರಿಪ್ಪಲ್ ಸುಮಾರು 1.2, ತುದಿ 5.6. ಸ್ವಿಚ್ ಆನ್ ಆಗಿದ್ದಾಗ ಕರೆಂಟ್ ಏರುವ ವೇಗ 21 ವೋಲ್ಟಿನಲ್ಲಿ 9 ಭಾಗಿಸು 22, ಅಂದರೆ ಮೈಕ್ರೊಸೆಕೆಂಡಿಗೆ 0.41 ಆಂಪಿಯರ್. ಇಳಿಯುವ ವೇಗ 12 ಭಾಗಿಸು 22, ಅಂದರೆ 0.545. ಇಳಿಯುವ ವೇಗಕ್ಕೆ ಇನ್‌ಪುಟ್ಟಿನ ಹಂಗಿಲ್ಲ. ಔಟ್‌ಪುಟ್ಟೂ ಇಂಡಕ್ಟರೂ ಬದಲಾಗದಿದ್ದರೆ ಅದೂ ಬದಲಾಗದು. ಈ 0.545 ನೆನಪಿರಲಿ, ಸ್ಲೋಪಿನ ಲೆಕ್ಕವೆಲ್ಲ ಇದರ ಸುತ್ತಲೇ.

ಕರೆಂಟ್ ಮಿತಿಯನ್ನು 7.5 ಆಂಪಿಯರಿಗೆ ಇಡುವುದು ಗುರಿ.

ಷಂಟ್ ರೆಸಿಸ್ಟರ್: ಬಿಸಿಲಿಗೆ ಬಗ್ಗದ್ದು

ಇಂಡಕ್ಟರಿನ ಜೊತೆ ಸರಣಿಯಲ್ಲಿ 10 ಮಿಲಿಓಮ್ ಷಂಟ್ (ತನ್ನ ಮೇಲೆ ಬೀಳುವ ವೋಲ್ಟೇಜಿನಿಂದ ಕರೆಂಟ್ ಹೇಳುವ ರೆಸಿಸ್ಟರ್) ಹಾಕಿದರೆ 5 ಆಂಪಿಯರಿಗೆ ಕಾಲು ವ್ಯಾಟ್ ಸುಡುತ್ತದೆ. 60 ವ್ಯಾಟಿನ ಕನ್ವರ್ಟರಿನಲ್ಲಿ ಅದು ಶೇ 0.4. ಇಷ್ಟಕ್ಕೆ ಹೆದರಿ ಷಂಟ್ ಬಿಟ್ಟು ಬೇರೆ ದಾರಿ ಹಿಡಿಯುವವರು ಹೆಚ್ಚು. ಈ ಪವರ್ ಮಟ್ಟದಲ್ಲಿ ಅದು ಕಾಸು ಉಳಿಸಿ ರೂಪಾಯಿ ಕಳೆಯುವ ವ್ಯವಹಾರ. ಶೇ 1ರ ಮೆಟಲ್ ಸ್ಟ್ರಿಪ್ ಷಂಟು 25 ಡಿಗ್ರಿಗೂ 100 ಡಿಗ್ರಿಗೂ ಹೆಚ್ಚುಕಡಿಮೆ ಅದೇ ಓಮ್ ತೋರಿಸುತ್ತದೆ. ಉಳಿದ ಯಾವ ಅಗ್ಗದ ವಿಧಾನವೂ ಹಾಗೆ ತೋರಿಸುವುದಿಲ್ಲ. ಎಲ್‌ಟಿಸಿ 3891ರಂಥ ಕಂಟ್ರೋಲರಿನಲ್ಲಿ ಸೆನ್ಸ್ ಮಿತಿಯನ್ನು 75 ಮಿಲಿವೋಲ್ಟಿಗೆ ಇಟ್ಟರೆ 10 ಮಿಲಿಓಮಿಗೆ ಸರಿಯಾಗಿ 7.5 ಆಂಪಿಯರ್ ಬರುತ್ತದೆ. 1 ವ್ಯಾಟಿನ, 2512 ಅಳತೆಯ ಷಂಟು ಸಾಕು.

ಷಂಟಿನಲ್ಲಿ ಕೈ ಸುಟ್ಟುಕೊಳ್ಳುವ ಕಡೆ ಮೂರು.

ಒಂದು, ತಾಮ್ರದ ದಾರಿ. 35 ಮೈಕ್ರಾನಿನ ಪಿಸಿಬಿ ತಾಮ್ರದಲ್ಲಿ ಅಗಲದಷ್ಟೇ ಉದ್ದದ ಪ್ರತಿ ಚೌಕಕ್ಕೆ ಅರ್ಧ ಮಿಲಿಓಮ್. ಸೆನ್ಸ್ ತಂತಿಯನ್ನು ಷಂಟಿನ ಬುಡದಿಂದ ತೆಗೆಯದೆ ಎರಡು ಚೌಕ ಆಚೆಯಿಂದ ತೆಗೆದರೆ 10 ಮಿಲಿಓಮ್ 11 ಆಯಿತು. ಶೇ 10 ತಪ್ಪು, ಅದೂ ತಾಮ್ರದ್ದು, ಬಿಸಿಗೆ ಮತ್ತೆ ಬೆಳೆಯುವಂಥದ್ದು. ಎರಡು ಸೆನ್ಸ್ ಗೆರೆಗಳು ಷಂಟಿನ ಪ್ಯಾಡುಗಳ ಒಳ ಅಂಚಿನಿಂದ ಹೊರಟು, ಪಕ್ಕಪಕ್ಕದಲ್ಲೇ ಚಿಪ್ಪಿನ ತನಕ ಹೋಗಬೇಕು. ಸ್ವಿಚ್ ನೋಡಿನ (ಸ್ವಿಚ್ಚೂ ಇಂಡಕ್ಟರೂ ಸೇರುವ ಬಿಂದುವಿನ) ಕೆಳಗೆ ಅವು ಹಾಯಬಾರದು.

ಎರಡು, ಷಂಟಿನ ಸ್ವಂತ ಇಂಡಕ್ಟನ್ಸ್. ಒಳ್ಳೆಯ ಸ್ಟ್ರಿಪ್ ಷಂಟಿನಲ್ಲೂ ಜೋಡಣೆ ಸೇರಿ 3 ನ್ಯಾನೊಹೆನ್ರಿ ಎಂದು ಹಿಡಿಯಿರಿ. ಸ್ವಿಚ್ ಬದಲಾದ ಕ್ಷಣ ಅದರ ಮೇಲೆ ಜಿಗಿಯುವ ವೋಲ್ಟೇಜ್, 3 ನ್ಯಾನೊ ಗುಣಿಸು 29 ಭಾಗಿಸು 22 ಮೈಕ್ರೊ, ಅಂದರೆ 4 ಮಿಲಿವೋಲ್ಟ್. ನಿಜವಾದ ರಿಪ್ಪಲ್ ಸಂಕೇತವೇ 16 ಮಿಲಿವೋಲ್ಟ್ ಇರುವಾಗ ಇದು ಕಾಲು ಭಾಗ. ಮದ್ದು ಸುಲಭ: ಇಂಡಕ್ಟನ್ಸ್ ಭಾಗಿಸು ರೆಸಿಸ್ಟನ್ಸ್ 300 ನ್ಯಾನೊಸೆಕೆಂಡ್ ಆಗುತ್ತದೆ, ಅಷ್ಟೇ ಸಮಯಾಂಕದ (ರೆಸಿಸ್ಟನ್ಸ್ ಗುಣಿಸು ಕೆಪಾಸಿಟನ್ಸ್) ಫಿಲ್ಟರನ್ನು ಚಿಪ್ಪಿನ ಬುಡದಲ್ಲಿ ಹಾಕುವುದು. ಎರಡು ಗೆರೆಗೂ ತಲಾ 15 ಓಮ್, ನಡುವೆ 10 ನ್ಯಾನೊಫ್ಯಾರಡ್. ಇದೇ 300 ನ್ಯಾನೊಸೆಕೆಂಡನ್ನು ದೊಡ್ಡ ರೆಸಿಸ್ಟರ್, ಸಣ್ಣ ಕೆಪಾಸಿಟರ್ ಹಾಕಿಯೂ ಪಡೆಯಬಹುದು. ಆದರೆ ಸೆನ್ಸ್ ಪಿನ್ನು ಎಳೆಯುವ ಕರೆಂಟು ಆ ರೆಸಿಸ್ಟರಿನ ಮೇಲೆ ಸುಳ್ಳು ಮಿಲಿವೋಲ್ಟುಗಳನ್ನು ಹುಟ್ಟಿಸುತ್ತದೆ.

ಮೂರು, ಬಿಳಿ ಸಿಮೆಂಟ್ ರೆಸಿಸ್ಟರ್. ಅಂಗಡಿಯಲ್ಲಿ ಕೇಳಿದ ತಕ್ಷಣ ಕೈಗೆ ಬರುವುದು ಇದೇ. ಒಳಗಿರುವುದು ಸುತ್ತಿದ ತಂತಿ, ಅಂದರೆ ಇನ್ನೊಂದು ಇಂಡಕ್ಟರು. ಅದನ್ನು ಹಾಕಿದರೆ ಸ್ಕೋಪಿನಲ್ಲಿ ಕಾಣುವುದು ತ್ರಿಕೋನವಲ್ಲ, ಚೌಕ. ಹಳೇ ಮಲ್ಟಿಮೀಟರಿನ 10 ಆಂಪಿಯರ್ ಷಂಟು, ಆ ಬಾಗಿದ ದಪ್ಪ ತಂತಿ, ಸುಮಾರು 10 ಮಿಲಿಓಮೇ ಇರುತ್ತದೆ, ಪ್ರಯೋಗಕ್ಕೆ ನಡೆಯುತ್ತದೆ. ಆದರೆ ಕಮಾನಿನಂತೆ ನಿಲ್ಲಿಸದೆ ಬೋರ್ಡಿಗೆ ಅಂಟಿಸಿ ಮಲಗಿಸಬೇಕು.

ಅದೇ ಷಂಟನ್ನು ಇಂಡಕ್ಟರಿನ ಬದಲು ಬ್ಯಾಟರಿ ಕಡೆಯ ಸ್ವಿಚ್ಚಾದ ಮೇಲಿನ ಮಾಸ್‌ಫೆಟ್ಟಿನ ಡ್ರೈನಿನಲ್ಲಿ ಇಟ್ಟರೆ ಆನ್ ಇದ್ದಷ್ಟು ಹೊತ್ತು ಮಾತ್ರ ಸುಡುತ್ತದೆ, ಹೆಚ್ಚೆಂದರೆ 0.14 ವ್ಯಾಟ್. ಆದರೆ ಸ್ವಿಚ್ ಆನ್ ಆದ ಕೂಡಲೇ ಡಯೋಡಿನ ರಿಕವರಿ ಕರೆಂಟೂ ಸ್ವಿಚ್ ನೋಡಿನ ಕೆಪಾಸಿಟನ್ಸನ್ನು ತುಂಬುವ ಕರೆಂಟೂ ಸೇರಿ ಒಂದು ಚೂಪು ಮುಳ್ಳು ಏಳುತ್ತದೆ. ಅದನ್ನು ನೋಡದಿರಲು ಚಿಪ್ಪು 100–200 ನ್ಯಾನೊಸೆಕೆಂಡ್ ಕಣ್ಣು ಮುಚ್ಚಿಕೊಳ್ಳಬೇಕು. 24–12ಕ್ಕೆ ಇದು ತೊಂದರೆಯಲ್ಲ, ಆನ್ ಸಮಯವೇ 2 ಮೈಕ್ರೊಸೆಕೆಂಡಿನ ಮೇಲಿದೆ. 48 ವೋಲ್ಟಿನ ಇ-ಆಟೋ ಬ್ಯಾಟರಿಯಿಂದ 5 ವೋಲ್ಟ್ ತೆಗೆಯುವಾಗ ಮಾತ್ರ ತೊಂದರೆ. ಚಾರ್ಜ್ ಆಗುತ್ತಿರುವ 58 ವೋಲ್ಟಿನಲ್ಲಿ ಆನ್ ಸಮಯ 0.43 ಮೈಕ್ರೊಸೆಕೆಂಡ್. ಔಟ್‌ಪುಟ್ ಶಾರ್ಟ್ ಆದರೆ ಅದು ಇನ್ನೂ ಕಿರಿದಾಗಬೇಕು, ಆದರೆ ಮುಚ್ಚಿದ ಕಣ್ಣು ಬಿಡುವುದಿಲ್ಲ. ಸುತ್ತಿನಿಂದ ಸುತ್ತಿಗೆ ಕರೆಂಟ್ ಏರುತ್ತ ಹೋಗಿ ಮಾಸ್‌ಫೆಟ್ ಹೋಗುತ್ತದೆ.

ಮಾಸ್‌ಫೆಟ್ಟನ್ನೇ ಷಂಟ್ ಮಾಡಿಕೊಳ್ಳುವುದು

ಆನ್ ಆದ ಮಾಸ್‌ಫೆಟ್ಟಿನ ಸ್ವಂತ ರೆಸಿಸ್ಟನ್ಸಿನ ಮೇಲಿನ ವೋಲ್ಟೇಜನ್ನೇ ಓದಿದರೆ ಷಂಟೇ ಬೇಡ, ನಷ್ಟವೂ ಇಲ್ಲ. ಕಾಗದದ ಮೇಲೆ ಚೆಂದ. ಎಲ್ಲ ಕಡೆ ಸಿಗುವ ಐಆರ್‌ಎಫ್‌ಜೆಡ್ 44ಎನ್ ತೆಗೆದುಕೊಳ್ಳಿ. ಡೇಟಾಶೀಟು ಹೇಳುವುದು ಗರಿಷ್ಠ 17.5 ಮಿಲಿಓಮ್, 25 ಡಿಗ್ರಿಯಲ್ಲಿ, ಗೇಟಿಗೆ 10 ವೋಲ್ಟ್ ಕೊಟ್ಟಾಗ. ಜಂಕ್ಷನ್ 100 ಡಿಗ್ರಿ ಮುಟ್ಟಿದರೆ ಸುಮಾರು ಒಂದೂವರೆ ಪಟ್ಟು, ಅಂದರೆ 26. ಮಧ್ಯಾಹ್ನದಲ್ಲೂ 7 ಆಂಪಿಯರ್ ಬಿಡಬೇಕೆಂದು ಮಿತಿಯನ್ನು 184 ಮಿಲಿವೋಲ್ಟಿಗೆ ಇಟ್ಟಿರಿ ಅನ್ನಿ. ನಿಮ್ಮ ಕೈಗೆ ಸಿಕ್ಕ ತುಣುಕು ಕೊಂಚ ಒಳ್ಳೆಯದಾಗಿ, ಡಿಸೆಂಬರಿನ ಬೆಳಗಿನ ಜಾವ 14 ಮಿಲಿಓಮ್ ಇದ್ದರೆ ಅದೇ 184 ಮಿಲಿವೋಲ್ಟು 13 ಆಂಪಿಯರ್. ಇಂಡಕ್ಟರು 9ಕ್ಕೇ ಸ್ಯಾಚುರೇಟ್ ಆಗುವಂಥದ್ದಾದರೆ (ಕೋರ್ ತುಂಬಿ ಇಂಡಕ್ಟನ್ಸ್ ಕಳೆದುಕೊಳ್ಳುವಂಥದ್ದಾದರೆ) ಆ ಮಿತಿ ಇದ್ದೂ ಇಲ್ಲದಂತೆ.

ಕೆಳಗಿನ ಮಾಸ್‌ಫೆಟ್ಟಿನಲ್ಲಿ ಓದುವುದಕ್ಕೆ ಮಾತ್ರ ಒಂದು ನ್ಯಾಯವಾದ ಕಾರಣವಿದೆ. ಹೆಚ್ಚು ವೋಲ್ಟಿನಿಂದ ತೀರ ಕಡಿಮೆಗೆ ಇಳಿಸುವಾಗ ಆಫ್ ಸಮಯ ಉದ್ದ ಇರುತ್ತದೆ, ಮುಳ್ಳು ಅಡಗುವ ತನಕ ಕಾದು ನಿಧಾನವಾಗಿ ಓದಬಹುದು. ಎಲ್‌ಎಂ 5116 ಮಾಡುವುದು ಇದನ್ನೇ. ಕೆಳಗಿನ ಸ್ವಿಚ್ಚಿನಲ್ಲಿ ಕರೆಂಟಿನ ತಗ್ಗನ್ನು ಹಿಡಿದಿಟ್ಟುಕೊಂಡು, ಏರುವ ಭಾಗವನ್ನು ಹೊರಗಿನ ಒಂದು ಸಣ್ಣ ಕೆಪಾಸಿಟರಿನ ಮೇಲೆ ತಾನೇ ಕಟ್ಟಿಕೊಳ್ಳುತ್ತದೆ. 100 ವೋಲ್ಟಿನ ತನಕ ತಡೆಯುವುದರಿಂದ 48 ವೋಲ್ಟಿನ ಇ-ಆಟೋಗೆ ಹೇಳಿ ಮಾಡಿಸಿದ ಚಿಪ್ಪು. ಅಲ್ಲೂ ಮಾಸ್‌ಫೆಟ್ಟನ್ನು ನಂಬದೆ ಅದರ ಸೋರ್ಸಿನಲ್ಲಿ ಷಂಟ್ ಇಡುವ ದಾರಿ ಇದೆ. ಅದನ್ನೇ ಹಿಡಿಯಿರಿ.

ಇಂಡಕ್ಟರಿನ ತಾಮ್ರವನ್ನು ಓದುವುದು, ಮತ್ತು ಧೂಳು

ಡಿಸಿಆರ್ (ಇಂಡಕ್ಟರ್ ತಂತಿಯ ಸ್ವಂತ ರೆಸಿಸ್ಟನ್ಸ್) ಸೆನ್ಸಿಂಗ್ ಜಾಣತನದ ವಿಧಾನ. ಇಂಡಕ್ಟರಿಗೆ ಅಡ್ಡಲಾಗಿ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ಇವುಗಳ ಸಮಯಾಂಕ ಇಂಡಕ್ಟರಿನ ಸಮಯಾಂಕಕ್ಕೆ ಸರಿಹೋದರೆ ಕೆಪಾಸಿಟರಿನ ಮೇಲೆ ಬರುವುದು ಕರೆಂಟಿನ ನಿಜವಾದ ನೆರಳು. 22 ಮೈಕ್ರೊಹೆನ್ರಿ, 20 ಮಿಲಿಓಮ್ ಆದರೆ ಸಮಯಾಂಕ 1.1 ಮಿಲಿಸೆಕೆಂಡ್, 100 ನ್ಯಾನೊಫ್ಯಾರಡಿಗೆ 11 ಕಿಲೊಓಮ್. ಷಂಟಿನ ಕಾಲು ವ್ಯಾಟ್ ಉಳಿಯಿತು.

ಆದರೆ ತಾಮ್ರ ಡಿಗ್ರಿಗೆ ಶೇ 0.39ರಂತೆ ಏರುತ್ತದೆ. 25ರಿಂದ 100 ಡಿಗ್ರಿಗೆ ಶೇ 29. ತಂಪಿನಲ್ಲಿ 7.5 ಆಂಪಿಯರಿಗೆ ಇಟ್ಟ ಮಿತಿ ಮಧ್ಯಾಹ್ನ 5.8ಕ್ಕೆ ಇಳಿಯುತ್ತದೆ. 29 ವೋಲ್ಟಿನಲ್ಲಿ ಪೂರ್ತಿ ಲೋಡಿನ ತುದಿ ಕರೆಂಟ್ ಎಷ್ಟಿತ್ತು? ಅದೇ 5.8. ಬಿಸಿಲು ಏರಿದಾಗ ಕ್ಯಾಮೆರಾ ಬಂದ್, ಸಂಜೆ ತಂತಾನೇ ಚಾಲು. ರಿಪೇರಿಗೆ ಬಂದವರು ಸಂಜೆ ನೋಡಿ ಎಲ್ಲ ಸರಿ ಇದೆ ಎಂದು ಹೋಗುವ ಜಾತಿಯ ದೋಷ ಇದು. ತಂಪಿನಲ್ಲಿ 10 ಆಂಪಿಯರಿಗೆ ಇಟ್ಟರೆ ಬಗೆಹರಿಯುತ್ತದೆ, ಆದರೆ ಆಗ ಇಂಡಕ್ಟರು 10ರ ಮೇಲೂ ಸ್ಯಾಚುರೇಟ್ ಆಗದಂಥದ್ದು ಬೇಕು. ಷಂಟಿನಲ್ಲಿ ಉಳಿಸಿದ ದುಡ್ಡು ಅಲ್ಲಿಗೆ ಹೋಯಿತು. ಇನ್ನು 20 ಮಿಲಿಓಮಿನ ಸಂಕೇತ 75 ಮಿಲಿವೋಲ್ಟಿನ ಚಿಪ್ಪಿಗೆ ಹೆಚ್ಚೇ ಆಗುತ್ತದೆ. ಕೆಪಾಸಿಟರಿಗೆ ಅಡ್ಡಲಾಗಿ ಇನ್ನೊಂದು ರೆಸಿಸ್ಟರ್ ಹಾಕಿ ತಗ್ಗಿಸಬೇಕು. ಹಾಗೆ ಮಾಡಿದಾಗ ಸಮಯಾಂಕದ ಲೆಕ್ಕಕ್ಕೆ ಎರಡೂ ರೆಸಿಸ್ಟರುಗಳ ಸಮಾಂತರ ಬೆಲೆ ಹಿಡಿಯಬೇಕು ಎಂಬುದು ಮರೆತುಹೋಗುವ ಸಂಗತಿ.

ಡೇಟಾಶೀಟುಗಳಲ್ಲಿ ಕಾಣದ ಇನ್ನೊಂದು ತೊಂದರೆ ಧೂಳು. ಗಿಣಿಗೇರಿ, ತೋರಣಗಲ್ಲು ಸುತ್ತಲಿನ ಕಪ್ಪು ಧೂಳಿನಲ್ಲಿ ಕಲ್ಲಿದ್ದಲೂ ಕಬ್ಬಿಣವೂ ಇರುತ್ತವೆ. ಮಳೆಗಾಲದ ತೇವಕ್ಕೆ ಅದು ಬೋರ್ಡಿನ ಮೇಲೆ ಅಂಟಿ ತೆಳ್ಳನೆಯ ರೆಸಿಸ್ಟರ್ ಆಗಿ ಕೂರುತ್ತದೆ. 29 ವೋಲ್ಟಿನ ಗೆರೆಯಿಂದ ಆ ಸೆನ್ಸ್ ಕೆಪಾಸಿಟರಿನ ಬಿಂದುವಿಗೆ 10 ಮೆಗಾಓಮಿನ ಸೋರಿಕೆ ಇದೆ ಅನ್ನಿ. ನಡುವೆ 17 ವೋಲ್ಟ್, ಅಂದರೆ 1.7 ಮೈಕ್ರೊಆಂಪಿಯರ್. ಅದು 11 ಕಿಲೊಓಮಿನ ಮೂಲಕ ಹರಿದರೆ 19 ಮಿಲಿವೋಲ್ಟ್. 20 ಮಿಲಿಓಮಿನ ಇಂಡಕ್ಟರಿನ ಭಾಷೆಯಲ್ಲಿ ಅದು ಹತ್ತಿರಹತ್ತಿರ 1 ಆಂಪಿಯರ್. ಇಲ್ಲದ ಕರೆಂಟನ್ನು ಚಿಪ್ಪು ಇದೆ ಎಂದು ನಂಬುತ್ತದೆ. ಅದೇ ಸೋರಿಕೆ ಷಂಟಿನ 30 ಓಮ್ ಫಿಲ್ಟರಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕೆಪಾಸಿಟರ್ 470 ನ್ಯಾನೊಫ್ಯಾರಡ್ ಮಾಡಿ ರೆಸಿಸ್ಟರನ್ನು 2.3 ಕಿಲೊಓಮಿಗೆ ಇಳಿಸಿದರೆ ತಪ್ಪು ಐದರಲ್ಲಿ ಒಂದಾಗುತ್ತದೆ. ಬದಲಿಗೆ ಆ ರೆಸಿಸ್ಟರೇ 90 ಮಿಲಿವ್ಯಾಟ್ ತಿನ್ನುತ್ತದೆ. 1 ಮೈಕ್ರೊಫ್ಯಾರಡ್, 1.1 ಕಿಲೊಓಮಿಗೆ ಹೋದರೆ 185 ಮಿಲಿವ್ಯಾಟ್, ಷಂಟಿನ ನಷ್ಟದ ಹತ್ತಿರಕ್ಕೇ ಬಂತು. ಮತ್ಯಾಕೆ ಈ ಕಷ್ಟ? ಡಿಸಿಆರ್ ವಿಧಾನ ಕಂಪ್ಯೂಟರ್ ಬೋರ್ಡಿನಂಥ ಕಡೆಗೆ, ಹತ್ತಾರು ಆಂಪಿಯರು ಹರಿಯುವಲ್ಲಿಗೆ ಸರಿ. ತಗಡಿನ ಡಬ್ಬಿಗಲ್ಲ. ಹಾಕಲೇಬೇಕೆಂದರೆ ಬೋರ್ಡನ್ನು ತೊಳೆದು, ಒಣಗಿಸಿ, ಎರಡು ಕೈ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಹೊಡೆಯಿರಿ.

ಕರೆಂಟ್ ಟ್ರಾನ್ಸ್‌ಫಾರ್ಮರ್, ಹಾಲ್ ಸೆನ್ಸರ್

ಕರೆಂಟಿನ ಕಾಂತಕ್ಷೇತ್ರವನ್ನು ಓದುವ ಹಾಲ್ ಸೆನ್ಸರಿನ ಮಾತು ಬೇಗ ಮುಗಿಯುತ್ತದೆ. ಕಾಲೇಜು ಪ್ರಾಜೆಕ್ಟುಗಳಲ್ಲೆಲ್ಲ ಕಾಣುವ ಎಸಿಎಸ್ 712ರ ಬ್ಯಾಂಡ್‌ವಿಡ್ತ್ 80 ಕಿಲೊಹರ್ಟ್ಸ್. 200 ಕಿಲೊಹರ್ಟ್ಸಿನ ತ್ರಿಕೋನವನ್ನು ಅದು ನೋಡುವುದೇ ಇಲ್ಲ. ಬ್ಯಾಟರಿಗೆ ಎಷ್ಟು ಹೋಯಿತು, ಎಷ್ಟು ಬಂತು ಎಂದು ಮೀಟರಿನಲ್ಲಿ ತೋರಿಸಲು ಇರಲಿ. ಸುತ್ತುಸುತ್ತಿನ ಕಂಟ್ರೋಲಿಗೆ ಬೇಡ.

ಕರೆಂಟ್ ಟ್ರಾನ್ಸ್‌ಫಾರ್ಮರಿಗೆ ಒಂದು ಒಳ್ಳೆಯ ಜಾಗ ಇದೆ: ಯುಸಿ 3843 ಎಂಬ ಕರೆಂಟ್ ಮೋಡ್ ಕಂಟ್ರೋಲರ್ ಚಿಪ್ಪು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ರಿಪೇರಿ ಮಾಡುವವರಿಗೆಲ್ಲ ಗೊತ್ತು. ಆದರೆ ಅದರ ಸೆನ್ಸ್ ಮಿತಿ 1 ವೋಲ್ಟ್. ಷಂಟಿನಿಂದಲೇ ಅಷ್ಟು ತೆಗೆಯಬೇಕೆಂದರೆ 0.13 ಓಮ್ ಬೇಕು, ಬರೀ ಷಂಟೇ 2 ವ್ಯಾಟಿನ ಹತ್ತಿರ ತಿನ್ನುತ್ತದೆ. ಮೇಲಾಗಿ ಬಕ್ಕಿನಲ್ಲಿ ಆ ಷಂಟು ಗ್ರೌಂಡಿನಲ್ಲಿ ಇರುವುದೂ ಇಲ್ಲ. ಮೇಲಿನ ಸ್ವಿಚ್ಚಿನ ದಾರಿಯಲ್ಲಿ ಒಂದು ಸುತ್ತು, ಆಚೆ 100 ಸುತ್ತಿನ ಟ್ರಾನ್ಸ್‌ಫಾರ್ಮರ್, ಡಯೋಡ್, 12 ಓಮಿನ ಬರ್ಡನ್ (ಕರೆಂಟನ್ನು ವೋಲ್ಟೇಜ್ ಮಾಡುವ ರೆಸಿಸ್ಟರ್) ಹಾಕಿದರೆ ಆಂಪಿಯರಿಗೆ 0.12 ವೋಲ್ಟ್ ಸಿಗುತ್ತದೆ, ನಷ್ಟ ನೂರು ಮಿಲಿವ್ಯಾಟಿನೊಳಗೆ. ಮರೆಯಬಾರದ್ದು ರೀಸೆಟ್. ಆನ್ ಸಮಯದಲ್ಲಿ ಕೋರ್ ತಿಂದದ್ದನ್ನು ಆಫ್ ಸಮಯದಲ್ಲಿ ವಾಪಸು ಕೊಡಬೇಕು. 21 ವೋಲ್ಟಿನಲ್ಲಿ ಆನ್ ಸಮಯದ 1.3 ವೋಲ್ಟಿಗೆ ಪ್ರತಿಯಾಗಿ ಆಫ್‌ನಲ್ಲಿ ಕನಿಷ್ಠ 1.75 ವೋಲ್ಟ್ ತಿರುಗಾ ಏಳಲು ಬಿಡಬೇಕು. ಸೆಕೆಂಡರಿಗೆ 5 ವೋಲ್ಟಿನ ಹತ್ತಿರದ ಜೆನರ್ ಇಟ್ಟರೆ ಡ್ಯೂಟಿ ಮುಕ್ಕಾಲು ಭಾಗದ ತನಕ ಹೋದರೂ ಕೋರ್ ಸ್ಯಾಚುರೇಟ್ ಆಗದು. ರೀಸೆಟ್ ಆಗದ ಟ್ರಾನ್ಸ್‌ಫಾರ್ಮರ್ ಮೆಲ್ಲಗೆ ಕುರುಡಾಗುತ್ತದೆ. ಕರೆಂಟ್ ಇದ್ದರೂ ಇಲ್ಲ ಎನ್ನುತ್ತದೆ, ಮುಂದಿನದು ಮಾಸ್‌ಫೆಟ್ಟಿನ ಹಣೆಬರಹ.

ಅಂಗಡಿಯಲ್ಲಿ 3843 ಕೇಳಿದರೆ ಎರಡೂ ಒಂದೇ ಎಂದು 3845 ಕೊಡುವುದುಂಟು. ಒಂದೇ ಅಲ್ಲ. 3845ರ ಡ್ಯೂಟಿ ಅರ್ಧ ದಾಟುವುದಿಲ್ಲ. ಬ್ಯಾಟರಿ 25ರ ಕೆಳಗೆ ಬಂದರೆ 12 ವೋಲ್ಟ್ ಹುಟ್ಟುವುದೇ ಇಲ್ಲ. ಔಟ್‌ಪುಟ್ಟೂ ಬ್ಯಾಟರಿಯ ಜೊತೆಗೇ ಇಳಿಯುತ್ತದೆ. ಇನ್ನೊಂದು, 3843ರ ಪೂರೈಕೆ ಪಿನ್ನಿಗೆ 30 ವೋಲ್ಟೇ ಗಡಿ. ಈಕ್ವಲೈಸ್ ಚಾರ್ಜಿನಲ್ಲಿ (ಸೆಲ್ಲುಗಳನ್ನು ಸಮ ಮಾಡಲು ಕೊಡುವ ಹೆಚ್ಚು ವೋಲ್ಟಿನ ಚಾರ್ಜಿನಲ್ಲಿ) ಬ್ಯಾಟರಿ ಅದನ್ನು ದಾಟಬಹುದು, ಆದ್ದರಿಂದ 15 ವೋಲ್ಟಿನ ಜೆನರ್ ಮತ್ತು ಒಂದು ಟ್ರಾನ್ಸಿಸ್ಟರಿನ ಮೂಲಕ ಕೊಡಿ.

ಸ್ಲೋಪ್: ಯಾಕೆ, ಎಷ್ಟು

ತುದಿ ಕರೆಂಟ್ ನೋಡಿ ಸ್ವಿಚ್ ಆಫ್ ಮಾಡುವ ಕಂಟ್ರೋಲಿನಲ್ಲಿ, ಒಂದು ಸುತ್ತಿನಲ್ಲಿ ಬಿದ್ದ ಸಣ್ಣ ತಪ್ಪು ಮುಂದಿನ ಸುತ್ತಿಗೆ ಇಳಿ ವೇಗ ಭಾಗಿಸು ಏರು ವೇಗದಷ್ಟು ಪಟ್ಟಾಗಿ, ತಿರುಗಾಮುರುಗಾ ಆಗಿ ದಾಟುತ್ತದೆ. 21 ವೋಲ್ಟಿನಲ್ಲಿ ಅದು 1.33. ಅಂದರೆ 0.1 ಆಂಪಿಯರಿನ ತಪ್ಪು 0.13, 0.18, 0.24, 0.32 ಎಂದು ಬೆಳೆಯುತ್ತದೆ. ಕೊನೆಗೆ ಒಂದು ಪಲ್ಸ್ ಅಗಲ, ಒಂದು ಕಿರಿದು. 29 ವೋಲ್ಟಿನಲ್ಲಿ ಅದೇ ಅನುಪಾತ 0.7, ತಪ್ಪು ಸಾಯುತ್ತದೆ, ಆದರೆ ಹತ್ತು ಸುತ್ತು ತೆಗೆದುಕೊಂಡು. ಅರ್ಧದ ಕೆಳಗೆ ಸ್ಲೋಪೇ ಬೇಡ ಎನ್ನುವುದು ಪೂರ್ತಿ ನಿಜವಲ್ಲ ಎನ್ನುವುದು ಇದಕ್ಕೇ.

ಸೆನ್ಸ್ ಸಂಕೇತಕ್ಕೆ ಒಂದು ಏರುವ ರ‍್ಯಾಂಪ್ ಸೇರಿಸುವುದೇ ಮದ್ದು. ಇಳಿ ವೇಗದ ಅರ್ಧದಷ್ಟು, ಅಂದರೆ ಮೈಕ್ರೊಸೆಕೆಂಡಿಗೆ 0.27 ಆಂಪಿಯರಿಗೆ ಸಮನಾದ ರ‍್ಯಾಂಪು ಕೊಟ್ಟರೆ ಆ 1.33 ಎಂಬುದು 0.4 ಆಗುತ್ತದೆ. ಪೂರ್ತಿ 0.545 ಕೊಟ್ಟರೆ ತಪ್ಪು ಒಂದೇ ಸುತ್ತಿನಲ್ಲಿ ಸೊನ್ನೆ. ಹಾಗಾದರೆ ಪೂರ್ತಿಯೇ ಕೊಡೋಣ ಎನ್ನಬೇಡಿ. ರ‍್ಯಾಂಪು ಕರೆಂಟ್ ಮಿತಿಯನ್ನು ತಿನ್ನುತ್ತದೆ. ಸುಮಾರು ಶೇ 69 ಕೊಟ್ಟಾಗಲೇ 21 ವೋಲ್ಟಿನಲ್ಲಿ ಸ್ವಿಚ್ ಆಫ್ ಆಗುವ ಹೊತ್ತಿಗೆ ರ‍್ಯಾಂಪು 1.07 ಆಂಪಿಯರಿನಷ್ಟು ಏರಿರುತ್ತದೆ. 7.5ರ ಮಿತಿ 6.4 ಆಯಿತು, ಬೇಕಾದದ್ದು 5.6. ಇನ್ನೂ ಹೆಚ್ಚು ಕೊಡುತ್ತ ಹೋದರೆ ಕನ್ವರ್ಟರ್ ನಿಧಾನಕ್ಕೆ ವೋಲ್ಟೇಜ್ ಮೋಡಿಗೆ ಜಾರುತ್ತದೆ, ಇಂಡಕ್ಟರ್–ಕೆಪಾಸಿಟರ್ ಜೋಡಿಯ ಅನುರಣನ ಮತ್ತೆ ತಲೆ ಎತ್ತುತ್ತದೆ. ಅರ್ಧ ಫ್ರೀಕ್ವೆನ್ಸಿಯ ತೂಗಾಟದ ಗುಣಾಂಕ (ಕ್ಯೂ) 1 ಇರಲಿ ಎಂದು ಲೆಕ್ಕ ಹಾಕಿದರೂ ಉತ್ತರ ಇಳಿ ವೇಗದ ಶೇ 68 ಎಂದೇ ಬರುತ್ತದೆ. ಮೂರರಲ್ಲಿ ಎರಡು ಪಾಲು ಎಂದು ಇಟ್ಟುಕೊಳ್ಳಿ.

ಯುಸಿ 3843ರಲ್ಲಿ ಇದನ್ನು ಕೈಯಾರೆ ಮಾಡಬಹುದು. ಆಸಿಲೇಟರಿಗೆ 8.2 ಕಿಲೊಓಮ್, 1 ನ್ಯಾನೊಫ್ಯಾರಡ್. ಆ ಪಿನ್ನಿನ ಗರಗಸ ಸುಮಾರು 1.7 ವೋಲ್ಟ್ ಏರುತ್ತದೆ, ಅಂದರೆ ಮೈಕ್ರೊಸೆಕೆಂಡಿಗೆ 0.34 ವೋಲ್ಟ್. ಅದನ್ನು ನೇರ ಎಳೆದರೆ ಫ್ರೀಕ್ವೆನ್ಸಿ ಕೆಡುತ್ತದೆ. ನಡುವೆ ಬಿ.ಸಿ. 547 ಟ್ರಾನ್ಸಿಸ್ಟರಿನ ಎಮಿಟರ್ ಫಾಲೋವರ್, ಎಮಿಟರಿನಿಂದ ಗ್ರೌಂಡಿಗೆ 4.7 ಕಿಲೊಓಮ್. ಎಮಿಟರಿನಿಂದ ಸೆನ್ಸ್ ಪಿನ್ನಿಗೆ 7.5 ಕಿಲೊಓಮ್, ಬರ್ಡನಿನಿಂದ ಸೆನ್ಸ್ ಪಿನ್ನಿಗೆ 1 ಕಿಲೊಓಮ್, ಪಿನ್ನಿನಿಂದ ಗ್ರೌಂಡಿಗೆ 100 ಪಿಕೊಫ್ಯಾರಡ್. ರ‍್ಯಾಂಪು ಇಳಿ ವೇಗದ ಶೇ 69 ಬೀಳುತ್ತದೆ. ಫಾಲೋವರಿನ ಅರ್ಧ ವೋಲ್ಟಿನ ಆಫ್‌ಸೆಟ್ಟನ್ನೂ ಸೇರಿಸಿದರೆ ಮಿತಿ 21 ವೋಲ್ಟಿನಲ್ಲಿ 7.8, 29ರಲ್ಲಿ 8.1 ಆಂಪಿಯರ್. ಇದರ ಲಾಭ ಎಂದರೆ ಎಲ್ಲವೂ ನಿಮ್ಮ ಕೈಯಲ್ಲಿ. ತೊಡಕು ಎಂದರೆ ಮೇಲಿನ ಸ್ವಿಚ್ಚಿಗೆ ಗೇಟ್ ಡ್ರೈವನ್ನೂ ನೀವೇ ಕಟ್ಟಬೇಕು.

ಸ್ಲೋಪ್ ಒಳಗೇ ಇರುವ ಚಿಪ್ಪುಗಳು, ಟಿಪಿಎಸ್ 54560ರಂಥವು, ಈ ತಲೆನೋವು ಕೊಡುವುದಿಲ್ಲ. ಆದರೆ ಒಳಗಿನ ರ‍್ಯಾಂಪನ್ನು ನೀವು ಮುಟ್ಟಲಾಗದು, ಆದ್ದರಿಂದ ಇಂಡಕ್ಟರನ್ನು ಅದಕ್ಕೆ ತಕ್ಕಂತೆ ಆರಿಸಬೇಕು. ಉದಾಹರಣೆಗೆ ಒಳಗಿನ ರ‍್ಯಾಂಪು ಮೈಕ್ರೊಸೆಕೆಂಡಿಗೆ 0.3 ಆಂಪಿಯರಿಗೆ ಸಮ ಎಂದಿಟ್ಟುಕೊಳ್ಳಿ. 22 ಮೈಕ್ರೊಹೆನ್ರಿಗೆ ಅದು ಅರ್ಧಕ್ಕಿಂತ ಹೆಚ್ಚು, ನಡೆಯುತ್ತದೆ. ಸಣ್ಣದಾಗಿ ಸಿಕ್ಕಿತೆಂದು 10 ಮೈಕ್ರೊಹೆನ್ರಿ ಹಾಕಿದರೆ ಇಳಿ ವೇಗ 1.2, ಅದರ ಅರ್ಧ 0.6, ರ‍್ಯಾಂಪು ಸಾಲದು. ಇದೇ ಕೆಲಸವನ್ನು ಬಿಸಿಲೂ ಮಾಡುತ್ತದೆ. ಫೆರೈಟು ಬಿಸಿಯಾದಷ್ಟೂ ಬೇಗ ಸ್ಯಾಚುರೇಟ್ ಆಗುತ್ತದೆ. ಅಂಚಿನಲ್ಲಿ ಆರಿಸಿದ ಇಂಡಕ್ಟರು ಮಧ್ಯಾಹ್ನ, ಪೂರ್ತಿ ಲೋಡಿನಲ್ಲಿ ತನ್ನ ಅರ್ಧ ಇಂಡಕ್ಟನ್ಸ್ ಕಳೆದುಕೊಂಡರೆ ಇಳಿ ವೇಗ ದುಪ್ಪಟ್ಟು, ಬೆಳಿಗ್ಗೆ ಸಾಕಾಗಿದ್ದ ರ‍್ಯಾಂಪು ಈಗ ಸಾಲದು. ತಪ್ಪು ಸ್ಲೋಪಿನದಂತೆ ಕಾಣುತ್ತದೆ, ಇರುವುದು ಕೋರಿನಲ್ಲಿ. ಹಳೇ ಕಂಪ್ಯೂಟರ್ ಎಸ್‌ಎಂಪಿಎಸ್ಸಿನ ಹಳದಿ–ಬಿಳಿ ಟೊರಾಯ್ಡು ಹೀಗೆ ಥಟ್ಟನೆ ಕೈ ಕೊಡುವುದಿಲ್ಲ, ಆದರೆ 200 ಕಿಲೊಹರ್ಟ್ಸಿನಲ್ಲಿ ತಾನೇ ಕಾಯುತ್ತದೆ.

ಸೋಲಾರಿನಲ್ಲಿ ಒಂದು ಸಮಾಧಾನವಿದೆ. ಅತಿ ಬಿಸಿ ಬರುವುದು ಮಧ್ಯಾಹ್ನ, ಆಗ ಬ್ಯಾಟರಿ ತುಂಬಿ ಡ್ಯೂಟಿ ಕಡಿಮೆ ಇರುತ್ತದೆ. ಬ್ಯಾಟರಿ ಇಳಿಯುವುದು ಬೆಳಗಿನ ಜಾವ, ಆಗ ತಂಪು. ಎರಡು ಕೆಟ್ಟ ಗಳಿಗೆಯನ್ನೂ ಒಟ್ಟಿಗೆ ಕೂಡಿಸಿ ಭಾರಿ ಇಂಡಕ್ಟರ್ ಹಾಕುವ ಅಗತ್ಯವಿಲ್ಲ. ಮನೆಯ ಇನ್ವರ್ಟರ್ ಬ್ಯಾಟರಿಯಿಂದ ತೆಗೆದರೆ ಮಾತು ಬೇರೆ: ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದಾಗ ಬಿಸಿಯೂ ಇಳಿದ ಬ್ಯಾಟರಿಯೂ ಒಟ್ಟಿಗೇ ಬರುತ್ತವೆ, ಕೂಡಿಸಿಯೇ ಲೆಕ್ಕ ಹಾಕಿ. ಇ-ಆಟೋದ 48ರಿಂದ 12ಕ್ಕೆ ಡ್ಯೂಟಿ 0.3 ದಾಟದು. ಅಲ್ಲಿ ಸ್ಲೋಪ್ ಸಣ್ಣ ಮಾತು, ಕನಿಷ್ಠ ಆನ್ ಸಮಯ ದೊಡ್ಡ ಮಾತು.

ಹಾಗಾಗಿ 24–12, 5 ಆಂಪಿಯರಿಗೆ ನಮ್ಮ ಮೊದಲ ಆಯ್ಕೆ ಇಂಡಕ್ಟರ್ ಸರಣಿಯ 10 ಮಿಲಿಓಮ್ ಷಂಟು, ಒಳ ಸ್ಲೋಪಿನ ಕಂಟ್ರೋಲರ್, 10 ಆಂಪಿಯರ್ ತಡೆಯುವ 22 ಮೈಕ್ರೊಹೆನ್ರಿ. ಊರಲ್ಲೇ ಸಿಗುವ ಸಾಮಾನಿನಲ್ಲಿ ಕಟ್ಟಬೇಕು, ಊರಲ್ಲೇ ರಿಪೇರಿ ಆಗಬೇಕು ಎಂದರೆ 3843 ಮತ್ತು ಕರೆಂಟ್ ಟ್ರಾನ್ಸ್‌ಫಾರ್ಮರ್.

ಕಟ್ಟಿದ ಮೇಲೆ

ಲೋಡಿಗೆ 60/55 ವ್ಯಾಟಿನ ಹೆಡ್‌ಲೈಟ್ ಬಲ್ಬಿಗಿಂತ ಅಗ್ಗದ್ದು ಸಿಗದು. ಒಂದು ಫಿಲಮೆಂಟು 5 ಆಂಪಿಯರಿನ ಹತ್ತಿರ ಎಳೆಯುತ್ತದೆ. ತಣ್ಣಗಿರುವಾಗ ಅದರ ರೆಸಿಸ್ಟನ್ಸ್ ಹತ್ತರಲ್ಲಿ ಒಂದು ಪಾಲು, ಹಾಗಾಗಿ ಹಾಕಿದ ಕ್ಷಣವೇ ಕರೆಂಟ್ ಮಿತಿಯ ಪರೀಕ್ಷೆಯೂ ಆಗುತ್ತದೆ. ಬಲ್ಬು ಮಂದವಾಗಿ ಶುರುವಾಗಿ ಹತ್ತಿಕೊಳ್ಳಬೇಕು. ಮಿಟುಕಿ ಮಿಟುಕಿ ನಿಂತರೆ ಮಿತಿ ತೀರ ಬಿಗಿ.

ಇನ್‌ಪುಟ್ಟನ್ನು 29ರಿಂದ ಅರ್ಧರ್ಧ ವೋಲ್ಟ್ ಇಳಿಸುತ್ತ ಸ್ವಿಚ್ ನೋಡನ್ನು ಸ್ಕೋಪಿನಲ್ಲಿ ನೋಡಿ. ಡಿಎಸ್‌ಒ 138 ಕಿಟ್ ಸಾಲದು, ಅದರ ಬ್ಯಾಂಡ್‌ವಿಡ್ತೇ 200 ಕಿಲೊಹರ್ಟ್ಸ್. ರ‍್ಯಾಂಪು ಇಲ್ಲದಿದ್ದರೆ 25ರ ಆಸುಪಾಸಿನಲ್ಲೇ ಅಗಲ–ಕಿರಿದು ಶುರು. ನಷ್ಟಗಳಿಂದ ಡ್ಯೂಟಿ ಲೆಕ್ಕಕ್ಕಿಂತ ತುಸು ಮೇಲಿರುತ್ತದೆ, ಅದಕ್ಕೇ 24ರ ತನಕ ಕಾಯುವುದಿಲ್ಲ. ಕಿವಿಗೆ ಗುಂಯ್ ಎಂದು ಕೇಳಿದರೆ ಕೂಡಲೇ ಸ್ಲೋಪನ್ನು ಬೈಯಬೇಡಿ. ಇಲ್ಲಿ ಅರ್ಧ ಫ್ರೀಕ್ವೆನ್ಸಿ ಎಂದರೆ 100 ಕಿಲೊಹರ್ಟ್ಸ್, ಅದು ಯಾರ ಕಿವಿಗೂ ಕೇಳದು. ಕೇಳುವ ಸದ್ದು ಹೆಚ್ಚಾಗಿ ಲೂಪಿನದು, ಅಂದರೆ ಔಟ್‌ಪುಟ್ ನೋಡಿ ತಿದ್ದುವ ಫೀಡ್‌ಬ್ಯಾಕಿನದು. ಎರರ್ ಆಂಪ್ಲಿಫೈಯರಿನ ಕೆಪಾಸಿಟರ್ ಬದಲಿಸಿದಾಗ ಸದ್ದು ಬದಲಾದರೆ ಲೂಪು. ಏನು ಮಾಡಿದರೂ ಪಲ್ಸುಗಳ ಜೋಡಿ ಹಾಗೇ ಉಳಿದರೆ ಸ್ಲೋಪು.

ರ‍್ಯಾಂಪ್ ರೆಸಿಸ್ಟರಿನ ಜಾಗದಲ್ಲಿ 50 ಕಿಲೊಓಮಿನ ಪ್ರೀಸೆಟ್ ಹಾಕಿ, 21 ವೋಲ್ಟಿನಲ್ಲಿ ಪಲ್ಸುಗಳು ಸಮ ಆಗುವ ತನಕ ತಿರುಗಿಸಿ, ಅಲ್ಲಿಗೇ ಬಿಟ್ಟುಬಿಡುವವರಿದ್ದಾರೆ. ಮೋಸ ಇರುವುದೇ ಅಲ್ಲಿ. ಪಲ್ಸುಗಳು ಸಮ ಆಗಲು ಬೇಕಾದದ್ದು ಇಳಿ ವೇಗಕ್ಕೂ ಏರು ವೇಗಕ್ಕೂ ಇರುವ ವ್ಯತ್ಯಾಸದ ಅರ್ಧ ಮಾತ್ರ, ಅಂದರೆ ಮೈಕ್ರೊಸೆಕೆಂಡಿಗೆ 0.07 ಆಂಪಿಯರಿನಷ್ಟು. ಪ್ರೀಸೆಟ್ 40 ಕಿಲೊಓಮಿಗೆ ಬಂದ ಹೊತ್ತಿಗೇ ಸ್ಕೋಪ್ ಶಾಂತವಾಗುತ್ತದೆ. ಬೇಕಾದದ್ದು ಅದರ ಐದು ಪಟ್ಟಿಗೂ ಹೆಚ್ಚು ರ‍್ಯಾಂಪು, 7.5 ಕಿಲೊಓಮ್. 40ರಲ್ಲಿ ಬಿಟ್ಟ ಕನ್ವರ್ಟರಿಗೆ ಅದೇ 21 ವೋಲ್ಟಿನಲ್ಲಿ ಇನ್ನೊಂದು ಬಲ್ಬನ್ನು, ಸಣ್ಣ 10 ವ್ಯಾಟಿನದಾದರೂ ಸರಿ, ಹಚ್ಚಿ ಆರಿಸಿ ನೋಡಿ: ಪ್ರತಿ ಸಲವೂ ಪಲ್ಸುಗಳು ಹತ್ತಾರು ಸುತ್ತು ತೂಗಾಡಿ ನಿಲ್ಲುತ್ತವೆ. 7.5ರಲ್ಲಿ ಮೂರನೆಯ ಪಲ್ಸಿಗೆ ಎಲ್ಲ ಸಮ.